ಬೆರಳು ಬಿಡಿಸುವ ಶಾಸ್ತ್ರ

ಎಲ್ಲ ಕೂಸುಗಳಂತೆ ನನ್ನ ಮೊಮ್ಮಗಳೂ ಬೆರಳಿನ ಸಂದಿಗಳಲ್ಲಿ ತೆಳ್ಳನೆಯ ಚರ್ಮ ಇಟ್ಟುಕೊಂಡೇ ಹುಟ್ಟಿದಳು. ಅದನ್ನು ಬಿಡಿಸುವ ಶಾಸ್ತ್ರಕ್ಕೆ ಬೆಳಗಿನಿಂದ ನಾನೇ ಕೂತಿದ್ದೆ. ಅಂಗೈಗೆ ಬಾಯಿಟ್ಟು, ಆ ಚರ್ಮದ ಕೋಶಗಳಿಗೆ ಹೊರಡಿ ಎಂದು ಗದರಿದೆ, ಗೋಗರೆದೆ. ಚರ್ಮ ಮಾತ್ರ ಅಲ್ಲಾಡಲಿಲ್ಲ.

"ಅಜ್ಜಿ, ನೀವು ಅಪ್ಪನ ಕಡೆಯವರು," ಎಂದಳು ನರ್ಸ್ ಶಮೀಮ್. "ಜೀವಕೋಶದ ಒಳಗಿರೋ ಮೈಟೋಕಾಂಡ್ರಿಯ ತಾಯಿಯಿಂದ ಬಂದದ್ದು. ತಾಯಿ ಕಡೆಯವರು ಹೇಳಿದರೇನೇ ಅವು ಒಂದಕ್ಕೊಂದು ಸನ್ನೆ ಮಾಡಿಕೊಂಡು, ಸಂದಿಯ ಕೋಶಗಳನ್ನೆಲ್ಲ ಒಟ್ಟಿಗೆ ಸಾಯೋಕೆ ಹೊರಡಿಸೋದು."

ನನಗೇನು ಗೊತ್ತಿಲ್ಲವೇ? ಆದರೆ ಹೆತ್ತವಳು, ನನ್ನ ಸೊಸೆ ವಿಶಾಲಾಕ್ಷಿ, ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆ ಕಡೆ ಉಳಿದಿದ್ದವನು ಅವಳ ತಮ್ಮ ತಿಪ್ಪೇಶ ಒಬ್ಬನೇ.

ಅವನು ಚಳ್ಳಕೆರೆಯಿಂದ ಮಧ್ಯಾಹ್ನ ಬಂದ. ಪುಟ್ಟ ಕೈಗೆ ಬಾಯಿಟ್ಟು, "ಸಾಕು ಕಣ್ರಪ್ಪಾ, ಹೋಗಿ ಬನ್ನಿ," ಎಂದ. ಚರ್ಮ ಕರಗಿ ಬೆರಳುಗಳು ಬಿಚ್ಚಿಕೊಂಡವು. ನಾನು ಸಕ್ಕರೆ ಡಬ್ಬಿ ತೆಗೆಯುವಷ್ಟರಲ್ಲಿ ಮತ್ತೆ ಕೂಡಿಕೊಂಡವು.

ಶಮೀಮ್ ನಿಟ್ಟುಸಿರು ಬಿಟ್ಟಳು. "ಎಲ್ಲರೂ ಇದೇ ತಪ್ಪು ಮಾಡ್ತೀರಿ. ಬನ್ನಿ ಅಂದರೆ ಬಂದೇ ಬಿಡ್ತಾವೆ. ಹೋಗಿ ಅಂತಷ್ಟೇ ಹೇಳಿ."

"ಹೊರಟವರಿಗೆ ಹಾಗೆ ಹೇಗ್ರೀ ಹೇಳಲಿ?" ಎಂದ ತಿಪ್ಪೇಶ. "ಆಸ್ಪತ್ರೆಗೆ ಹೊರಟಾಗ ಅಕ್ಕನಿಗೂ ಹೋಗಿ ಬಾರಕ್ಕಾ ಅಂತಲೇ ಅಂದಿದ್ದೆ."

ನಾನು ಅವನ ಬೆನ್ನು ಸವರಿದೆ. ಅವನು ಮತ್ತೆ ಆ ಕೈಗೆ ಬಾಯಿಟ್ಟು, ಕಣ್ಣು ಮುಚ್ಚಿ, "ಹೋಗಿ," ಎಂದ. ಬೆರಳುಗಳು ಬಿಚ್ಚಿಕೊಂಡವು, ಈ ಸಲ ಹಾಗೇ ಉಳಿದವು. ಕೂಸು ಅವನ ಮೂಗು ಹಿಡಿದುಕೊಂಡಿತು.

ನನ್ನ ಮಾತನ್ನು ಅವು ಹೇಗೂ ಕೇಳುವುದಿಲ್ಲವಲ್ಲ. ಅದೇ ಧೈರ್ಯದ ಮೇಲೆ, ಅವನ ಪರವಾಗಿ ನಾನು ಮೆಲ್ಲಗೆ "ಬನ್ನಿ" ಎಂದೆ.