ಅಡ್ಡಹೆಸರಿನ ಖಾನೆ

"ಲಾಸ್ಮಿ ಲಾಸ್ಮಿ!" ಇಂಡೊನೇಷ್ಯಾದ ಸುರಬಾಯ ನಗರದ ಒಂದು ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥ ವಗಿಮಾನ್, ಅಲ್ಲಿಯವರು ಗೌರವದಿಂದ ಕರೆಯುವಂತೆ ಪಾಕ್ ವಗಿಮಾನ್, ಸರ್ಟಿಫಿಕೇಟನ್ನು ದೂರ ಹಿಡಿದು ಓದಿ, ಹೊಟ್ಟೆ ಕುಣಿಯುವಂತೆ ನಕ್ಕರು. "ಏನಮ್ಮಾ, ನಿಮ್ಮಪ್ಪ ಒಂದೇ ಹೆಸರನ್ನ ಎರಡು ಸಲ ಇಟ್ರಾ?"

ಕೆಲಸ ಕೇಳಿಕೊಂಡು ಬಂದಿದ್ದ ಲಾಸ್ಮಿ ತಬ್ಬಿಬ್ಬಾಗಲಿಲ್ಲ. "ಇಲ್ಲ ಪಾಕ್, ಒಂದೇ ಸಲ ಇಟ್ಟಿದ್ದು. ನಮ್ಮ ಹಳ್ಳೀಲಿ ಅಡ್ಡಹೆಸರು ಯಾರಿಗಿದೆ? ಆದ್ರೆ ಪರೀಕ್ಷೆಯವರ ಫಾರಂ ಆ ಖಾನೆ ತುಂಬದೆ ಮುಂದಕ್ಕೇ ಹೋಗ್ಲಿಲ್ಲ. ಇದ್ದ ಹೆಸರನ್ನೇ ಇನ್ನೊಂದು ಸಲ ಬರೆದೆ. ನನಗೆ ಪ್ರೋಗ್ರಾಮಿಂಗ್ ಬರುತ್ತೆ ಅಂತ ಮೊಹರು ಒತ್ತಿದವರಿಗೇ ನನ್ನಂಥವಳಿಗೆ ಹೊಂದೋ ಒಂದು ಫಾರಂ ಮಾಡೋಕೆ ಬರ್ಲಿಲ್ಲ."

"ಹಾಗಾದ್ರೆ ಈ ಕಾಗದ ನಂಬಿ ನಿನಗೆ ಕೆಲಸ ಹೇಗಮ್ಮಾ ಕೊಡ್ಲಿ?"

"ಕಾಗದ ನಂಬಬೇಡಿ. ಕೆಲಸ ಕೊಟ್ಟು ನೋಡಿ." ಲಾಸ್ಮಿ ಸರ್ಟಿಫಿಕೇಟನ್ನು ಇಸಿದುಕೊಂಡು ಮೇಜಿನ ಮೇಲೆ ಮಗುಚಿಟ್ಟಳು. ಆಮೇಲೆ ಅವರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯತ್ತ ಬೆರಳು ತೋರಿದಳು. "ಬೇಕಾದ್ರೆ ಅದರಿಂದ್ಲೇ ಶುರು ಮಾಡ್ತೀನಿ."

ಅವರದೇ ಕಂಪನಿಯ ಪ್ರೋಗ್ರಾಂ ಅಚ್ಚುಹಾಕಿದ್ದ ಚೀಟಿ ಅದು. ಹನ್ನೊಂದು ವರ್ಷದಿಂದ ದಿನಾ ಹಾಕಿಕೊಂಡರೂ ಓದಿರಲಿಲ್ಲವೇನೋ, ಪಾಕ್ ವಗಿಮಾನ್ ಅದನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು.

ವಗಿಮಾನ್ ವಗಿಮಾನ್.

ಅವರು ಕೆಮ್ಮಿದರು. ಕೀಬೋರ್ಡನ್ನು ಅವಳತ್ತ ತಳ್ಳಿದರು.