ಕೊನೆಗೇ ಕೇಳಬೇಕಾದ ಹಾಡು

ಮಗಳಿಗೆ ಪೆನ್ಸಿಲ್ ಕೆತ್ತಿಕೊಡುವಾಗ ಬರುವ ಕಟ್ಟಿಗೆಯ ವಾಸನೆಗೆ ಈಗಲೂ ನನಗೆ ಕಾಕಾನ ರಾಕ್ ಕ್ಯಾಸೆಟ್ ನೆನಪಾಗುತ್ತದೆ.

ಅಪ್ಪನ ತಮ್ಮನಾದ ಕಾಕಾ ಅದನ್ನು ರಾಯಚೂರಿನ ಅಂಗಡಿಯೊಂದರಲ್ಲಿ ತುಂಬಿಸಿಕೊಂಡು ಮಾನ್ವಿಗೆ ತಂದಿದ್ದ. ಆಲ್ಬಮ್ಮಿನ ಕೊನೆಯ ಉದ್ದನೆಯ ಹಾಡು ಟೇಪು ಸಾಲದೆ ಅರ್ಧಕ್ಕೇ ಕತ್ತರಿಸಿಹೋದೀತೆಂದು ಅಂಗಡಿಯವನು ಅದನ್ನು ಮೊದಲಿಗೇ ತುಂಬಿಬಿಟ್ಟಿದ್ದ. "ಉಳದಾವು ಕೇಳಿದ ಮ್ಯಾಲೇ ಅದನ್ನ ಕೇಳಬೇಕು. ಇಲ್ಲಂದ್ರ ಮನಸಿಗಿ ಹತ್ತಂಗಿಲ್ಲ," ಎನ್ನುತ್ತಿದ್ದ ಕಾಕಾ. ಹಾಗಾಗಿ ಅದೊಂದನ್ನು ದಾಟಿಸಿ ಉಳಿದವನ್ನೆಲ್ಲ ಕೇಳುತ್ತಿದ್ದೆವು. ಆಮೇಲೆ ಆ ಹಾಡು ಕೇಳಲು ನಾನು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ಸಿಕ್ಕಿಸಿ ಟೇಪನ್ನು ಮೊದಲಿಗೆ ಸುತ್ತುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಸುತ್ತಿ ಮುಗಿಸುವಷ್ಟರಲ್ಲಿ ಅಜ್ಜ ನಮ್ಮ ಅಕ್ಕಿ ಗಿರಣಿಯಿಂದ ಬಂದು ಕಾಕಾನಿಗೆ ಹೇಳಿದ.

"ಕಾಲೇಜು ಸಾಕಿನ್ನ. ಇವತ್ತಿಂದ ಗಿರಣ್ಯಾಗ ಕುಂದ್ರು, ನಡಿ."

"ಒಂದ ಹಾಡು ಉಳದದ, ಯಪ್ಪಾ."

"ಹಾಡು ಎಲ್ಲಿಗಿ ಹೋಗ್ತದಲೇ?"

ಕಾಕಾ ಚಪ್ಪಲಿ ಮೆಟ್ಟಿಕೊಂಡ. "ಬಂದು ಕೇಳೋಣು," ಎಂದು ನನಗೆ ಹೇಳಿ ಹೋದ. ಸಂಜೆ ಮೈತುಂಬ ತೌಡಿನ ಧೂಳು ಹೊತ್ತು ಬಂದವನು ಉಂಡು ಮಲಗಿಬಿಟ್ಟ. ಮುಂದೆ ದಿನವೂ ಹಾಗೇ ಆಯಿತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಅವನ ಮುಂದೆ ಟೇಪ್ ರೆಕಾರ್ಡರ್ ಇಟ್ಟೆ.

"ಅವತ್ತು ಸುತ್ತಿದ್ದು ಹಂಗೇ ಅದ ಕಾಕಾ. ಆ ಹಾಡು ಹಚ್ಚಲೇನು?"

ಕಾಕಾ ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟ.

"ಬ್ಯಾಡ ಬಿಡು. ಅದಕ್ಕಿಂತ ಮೊದಲ ಕೇಳೋ ಹಾಡೆಲ್ಲ ಮರತೀನಿ."