ಅಭ್ಯಾಸದ ಪಾಪನಿವೇದನೆ

ಮರಿಯಮ್ಮನ ಪ್ರತಿಮೆಯ ಮುರಿದ ಕೈ ಅಂಟಿಸಲು ಕಾನ್ವೆಂಟ್ ಶಾಲೆಯ ಆಯಾಳ ನಾಲ್ಕು ದಿನದ ಸಂಬಳ ಹೋಗಿತ್ತು. ದಿನಾ ಧೂಳು ಒರೆಸುವವಳು ಅವಳೇ ತಾನೇ ಎಂದು ಹೆಡ್‌ಸಿಸ್ಟರ್ ಕಿವಿಗೆ ಹಾಕಿದವರು ಎರಡನೇ ತರಗತಿಯ ಟೀಚರ್.

ಈಗ ಆ ಟೀಚರ್ ಪಾದ್ರಿಗಳ ಜಾಗದಲ್ಲಿ ಕೂತು, ಮಕ್ಕಳಿಗೆ ಮೊದಲ ಪಾಪನಿವೇದನೆಯ ಅಭ್ಯಾಸ ಮಾಡಿಸುತ್ತಿದ್ದರು. "ಯಾವುದಾದ್ರೂ ಒಂದು ಪಾಪ ಕಟ್ಟಿ ಹೇಳ್ರೋ. ಪಾದ್ರಿಗಳ ಹಾಗೆ ನಾನೂ ಯಾರಿಗೂ ಹೇಳಲ್ಲ" ಎಂದಿದ್ದರು. ಮೂವತ್ತು ಮಕ್ಕಳು ತಮ್ಮಂದಿರ ಮಿಠಾಯಿ ಕದ್ದು ಮುಗಿಸುವಷ್ಟರಲ್ಲಿ ಅವರ ಸೊಂಟ ಬಿದ್ದುಹೋಗಿತ್ತು.

ಕೊನೆಯ ಹುಡುಗಿ ಮಂಡಿಯೂರಿದಳು. "ಮರಿಯಮ್ಮನ ಕೈ ಮುರಿದಿದ್ದು ನಾನು. ಚರ್ಚ್ ಪೂಜೇಲಿ 'ಶಾಂತಿ ಇರಲಿ' ಅಂತ ಎಲ್ರೂ ಕೈ ಕುಲುಕ್ತಾರಲ್ಲ, ಹಾಗೇ ಕುಲುಕಿದೆ. ಕಿತ್ಕೊಂಡು ಬಂತು."

"ಕಟ್ಟಿ ಹೇಳ್ತಿದ್ದೀಯಾ, ಪುಟ್ಟಿ?"

"ನಂಗೆ ಕಟ್ಟೋಕೆ ಬರಲ್ಲ ಮಿಸ್."

ಟೀಚರ್ ಅವಳ ತಲೆ ಸವರಿ ಕಳಿಸಿದರು. ಸೊಂಟ ಹಿಡಿದುಕೊಂಡೇ ಎದ್ದು, ಮೆಟ್ಟಿಲು ಒರೆಸುತ್ತಿದ್ದ ಆಯಾಳ ಮುಂದೆ ನಿಂತರು. "ಪ್ರತಿಮೆ ಮುರಿದಿದ್ದು ನೀನಲ್ಲ. ಯಾರು ಅಂತ ಕೇಳ್ಬೇಡ. ಕಣ್ಣಲ್ಲಿ ನೋಡ್ದೆ ನಿನ್ನ ಹೆಸರು ಹೇಳಿದವಳು ನಾನು. ಆ ದುಡ್ಡು ನಾನೇ ಕೊಡ್ತೀನಿ."

ಆಯಾ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. "ಆಯ್ತು ಟೀಚರ್" ಎಂದಳು.

ದುಡ್ಡು ಮರುದಿನವೇ ಅವಳ ಕೈ ಸೇರಿತು. ಹತ್ತು ವರ್ಷ ಟೀಚರನ್ನು 'ಅಕ್ಕಾ' ಎಂದು ಕರೆದ ಆಯಾ ಮತ್ತೆಂದೂ ಹಾಗೆ ಕರೆಯಲಿಲ್ಲ.